ವಿಜ್ಞಾನಿ ಅಂದ ಕೂಡಲೇ ನಮಗೆ ಬರೀ ಮುಖ ಯಾಕೆ ಬೇಕು?

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಮುಗಿಸದೆ ನಿದ್ದೆ ಬರಲ್ಲ.

ಚಿತ್ರದುರ್ಗದ ಚಂದ್ರವಳ್ಳಿ ಕೆರೆ ಹತ್ತಿರ ನಮ್ಮ ವಾಕಿಂಗ್ ಗುಂಪು ಕೂತಿತ್ತು. ಮಂಡಕ್ಕಿ, ಮಿರ್ಚಿ ನಡೀತಿತ್ತು. ಮಗ ಇಂಗ್ಲೆಂಡಿನಿಂದ ಕಳಿಸಿದ್ದು ಅಂತ ಒಬ್ಬರು ಒಂದು ಫೋಟೋ ತೋರಿಸಿದರು. ಶ್ರೂಸ್‌ಬರಿ ಅನ್ನುವ ಊರು, ಸೆವರ್ನ್ ನದಿಯ ದಡ. ಕಾಂಕ್ರೀಟಿನ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ, ಸ್ವಲ್ಪ ಸ್ವಲ್ಪವೇ ತಿರುಚುತ್ತಾ ಎತ್ತಿದ ದೊಡ್ಡ ಕಮಾನು. ಎತ್ತರ ಸುಮಾರು 12 ಮೀಟರ್, ತೂಕ 100 ಟನ್‌ಗೂ ಜಾಸ್ತಿ. ಜೀವಿಗಳು ಹೇಗೆ ವಿಕಾಸವಾದವು ಅಂತ ಹೇಳಿದ ವಿಜ್ಞಾನಿ ಡಾರ್ವಿನ್ ಹುಟ್ಟಿ 200 ವರ್ಷ ತುಂಬಿದ 2009ರಲ್ಲಿ, ಅವನು ಹುಟ್ಟಿದ ಊರಲ್ಲೇ ನಿಲ್ಲಿಸಿದ ಶಿಲ್ಪ. ಹೆಸರು 'ಕ್ವಾಂಟಮ್ ಲೀಪ್'.

ನೋಡಿದ್ದೇ ತಡ, ಎಲ್ಲರೂ ನಗೋಕೆ ಶುರು ಮಾಡಿದರು. "ಏನ್ ಮೇಷ್ಟ್ರೇ, ನಿಮ್ಮ ಡಾರ್ವಿನ್ ಎಲ್ಲಿದಾನೆ ಇದರಲ್ಲಿ? ಇಷ್ಟು ದುಡ್ಡು ಸುರಿದು ಒಂದು ಮುಖ ಮಾಡಿಸೋಕೆ ಆಗ್ಲಿಲ್ವಾ?"

ನನಗೆ ಸಿಟ್ಟು ಬಂತು. ಜೀವಶಾಸ್ತ್ರ ಪಾಠ ಮಾಡಿಯೇ ಕೂದಲು ಬೆಳ್ಳಗಾದವನು ನಾನು, ನಿಮಗೆ ಗೊತ್ತೇ ಇದೆ. ಡಾರ್ವಿನ್ ಅಂದರೆ ಏನು ಅಂತ ಮಕ್ಕಳನ್ನು ಕೇಳಿದರೆ 'ಗಡ್ಡದ ಅಜ್ಜ' ಅನ್ನುತ್ತಿದ್ದವು. ಪುಸ್ತಕದಲ್ಲಿ ಇದ್ದದ್ದು ಆ ಗಡ್ಡ ಮಾತ್ರ. ಅವನು ಏನು ಕಂಡ, ಯಾಕೆ 1831ರಲ್ಲಿ ಬೀಗಲ್ ಹಡಗು ಹತ್ತಿ ಐದು ವರ್ಷ ಊರಿಗೆ ಬರಲಿಲ್ಲ, ಅದೆಲ್ಲ ಯಾರಿಗೂ ಬೇಡ. ಮುಖ ಗೊತ್ತಾದರೆ ಸಾಕು, ಹಾರ ಹಾಕಬಹುದು.

ಮುಖ ಇದ್ದರೆ ತಾನೇ ಜನಕ್ಕೆ ಗುರುತು ಸಿಗೋದು ಅಂತೀರಿ. ಸರಿ. ಅದೇ ಶ್ರೂಸ್‌ಬರಿಯಲ್ಲಿ ಅವನು ಓದಿದ ಶಾಲೆಯ ಹಳೇ ಕಟ್ಟಡದ ಮುಂದೆ, ಕುರ್ಚಿ ಮೇಲೆ ಕೂತ ಡಾರ್ವಿನ್ನನ ಕಂಚಿನ ಪ್ರತಿಮೆ 1897ರಿಂದಲೂ ಇದೆ. ಮುಖ ಬೇಕಾದವರು ಅಲ್ಲಿಗೆ ಹೋಗಲಿ. ನದಿ ದಡದಲ್ಲಿ ಇಟ್ಟಿರೋದು ಅವನ ವಿಚಾರ. ಒಂದು ಕಡೆಯಿಂದ ನೋಡಿದರೆ ಬೆನ್ನುಮೂಳೆ, ಇನ್ನೊಂದು ಕಡೆಯಿಂದ ಡಿಎನ್‌ಎ ಸುರುಳಿ, ಅಂದರೆ ಜೀವಿಯ ಗುಣಗಳನ್ನು ಮುಂದಿನ ಪೀಳಿಗೆಗೆ ದಾಟಿಸುವ ವಸ್ತು. ಡಾರ್ವಿನ್ ಸತ್ತಿದ್ದು 1882ರಲ್ಲಿ. ಡಿಎನ್‌ಎ ರಚನೆ ತಿಳಿದದ್ದು 1953ರಲ್ಲಿ. ಗುಣಗಳು ತಂದೆ ತಾಯಿಯಿಂದ ಮಕ್ಕಳಿಗೆ ಹೇಗೆ ದಾಟುತ್ತವೆ ಅನ್ನೋದು ಅವನಿಗೆ ಕೊನೆವರೆಗೂ ಸರಿಯಾಗಿ ಬಗೆಹರಿಯಲಿಲ್ಲ. ಅವನಿಗೆ ಸಿಗದೆ ಹೋದ ಉತ್ತರವನ್ನೂ ಅವನ ನೆನಪಿನ ಶಿಲ್ಪಕ್ಕೇ ಸೇರಿಸಿದ್ದಾರೆ. ಒಬ್ಬ ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ ಹೇಳಿ.

ಆ ಊರಿನವರೂ ಅದಕ್ಕೆ 'ಸ್ಲಿಂಕಿ' ಅಂತ ಅಡ್ಡಹೆಸರು ಇಟ್ಟಿದ್ದಾರೆ, ಮೆಟ್ಟಿಲು ಇಳಿಯುವ ಆಟದ ಸ್ಪ್ರಿಂಗ್ ಇದೆಯಲ್ಲ, ಅದು. ಖರ್ಚು ಜಾಸ್ತಿ ಆಯ್ತು ಅಂತ ಬೈದವರೂ ಇದ್ದಾರೆ. ಬೈಯಲಿ. ಬೈಯೋಕಾದರೂ ಅದರ ಮುಂದೆ ನಿಂತು ನೋಡಬೇಕು ಅಲ್ವಾ?

ನಿನ್ನೆ ನಮ್ಮಲ್ಲಿ ಹಾಗೆ ನೋಡಿದ್ದು ಒಬ್ಬನೇ. ಗೆಳೆಯರೊಬ್ಬರ ಮೊಮ್ಮಗ, ಆರನೇ ಕ್ಲಾಸು. ಮಂಡಕ್ಕಿ ಎಣ್ಣೆ ಮೆತ್ತಿದ ಬೆರಳನ್ನು ಚಡ್ಡಿಗೆ ಒರೆಸಿಕೊಂಡು, ಫೋಟೋ ದೊಡ್ಡದು ಮಾಡಿ, ಮೊಬೈಲನ್ನೇ ತಲೆಕೆಳಗು ಹಿಡಿದು ನೋಡಿದ. "ಅಜ್ಜ, ಇದು ಯಾವ ಪ್ರಾಣಿ ಮೂಳೆ?" ಅಂದ. ಅಜ್ಜ "ಸುಮ್ನೆ ತಿನ್ನೋ" ಅಂದರು. ನನಗೆ ಹೊಟ್ಟೆ ಉರೀತು. ಇಂಥ ಒಂದು ಪ್ರಶ್ನೆ ಬರಲಿ ಅಂತ ನಾನು ತರಗತಿಯಲ್ಲಿ ವರ್ಷಗಟ್ಟಲೆ ಕಾದಿದ್ದೇನೆ.

ನಾವು ಕೂತಿದ್ದ ಜಾಗ ಯಾವುದು ಅಂತಾದರೂ ಯೋಚನೆ ಬೇಡವಾ? ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಇದೇ ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಅಗೆಸಿದರು. ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಅಂತ ಹೇಳುವ ಬಂಡೆ ಶಾಸನವನ್ನು ಓದಿ ಲೋಕಕ್ಕೆ ತಿಳಿಸಿದರು. ಇದೇ ಮಣ್ಣಲ್ಲಿ ಶಾತವಾಹನರ ಕಾಲದ ನಾಣ್ಯ ಸಿಕ್ಕಿತು, ರೋಮ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ಮತ್ತೆ ಅಗೆದರು. ಮಣ್ಣಿನ ಪದರ ನೋಡಿ ಕಾಲ ಲೆಕ್ಕ ಹಾಕೋದೂ ವಿಜ್ಞಾನವೇ. ನಮ್ಮ ಗುಂಪಲ್ಲಿ ಎಷ್ಟು ಜನಕ್ಕೆ ಕೃಷ್ಣ ಅವರ ಹೆಸರು ಗೊತ್ತು? ನಿನ್ನೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ.

ಅವರಿಗೂ ಒಂದು ಎದೆಮಟ್ಟದ ಪ್ರತಿಮೆ ಮಾಡಿಸೋಣ ಅಂತ ಒಬ್ಬರು ಹೇಳಿದರು. ಬೇಡ ಸ್ವಾಮೀ, ಕೈ ಮುಗೀತೀನಿ. ಅಗೆದ ಗುಂಡಿಯ ಗೋಡೆಯನ್ನೇ ಕಲ್ಲಲ್ಲಿ ಮಾಡಿಸಿ. ಆಳೆತ್ತರಕ್ಕಿಂತ ಎತ್ತರ ಇರಲಿ. ಒಂದೊಂದು ಪದರಕ್ಕೂ ಒಂದೊಂದು ಬಣ್ಣದ ಕಲ್ಲು. ಒಂದು ಪದರದಲ್ಲಿ ಮಡಕೆ ಚೂರು, ಇನ್ನೊಂದರಲ್ಲಿ ನಾಣ್ಯ, ಮಕ್ಕಳ ಕೈಗೆ ಸಿಗುವ ಹಾಗೆ. ಕೋಟೆಯನ್ನು ಬಂಡೆಯಲ್ಲೇ ಕಟ್ಟಿದ ಊರು ನಮ್ಮದು, ಇಲ್ಲಿ ಕಲ್ಲಿಗೆ ಬರವಾ?

ಮನವಿ ಬರೆಯೋಕೆ ಕೂತಿದ್ದೇನೆ. ಶಾಸನ, ಉತ್ಖನನದ ಜಾಗಕ್ಕೆ ಯಾವ ತೊಂದರೆಯೂ ಆಗದಂತೆ ಊರ ಕಡೆಯ ದಾರಿಯಲ್ಲಿ ಇಡಬೇಕು ಅಂತ ಸೇರಿಸುತ್ತೇನೆ. ಕಲ್ಲು ಕೆಲಸ ಗೊತ್ತಿರುವವರು, ನಕ್ಷೆ ಬರೆದುಕೊಡುವವರು ಇದ್ದರೆ ಮೆಸೇಜ್ ಮಾಡಿ. ಸಹಿ ಹಾಕುವವರು ಭಾನುವಾರ ಬೆಳಗ್ಗೆ ವಾಕಿಂಗ್‌ಗೆ ಬನ್ನಿ, ಆ ಹುಡುಗನನ್ನೂ ಕರೆದುಕೊಂಡು ಬರೋಕೆ ಅವರ ಅಜ್ಜನಿಗೆ ಹೇಳಿದ್ದೇನೆ.