ಇಷ್ಟಕ್ಕೇ ನಿಲ್ಲಿಸಿಬಿಟ್ರಾ, ಮಾವ?

2025ರ ಮೇ 10, ಶನಿವಾರ. ಸಂಜೆ ಐದು ಗಂಟೆಯಿಂದ ಭಾರತ-ಪಾಕಿಸ್ತಾನದ ನಡುವೆ ಕದನ ವಿರಾಮ ಅಂತ ಸುದ್ದಿ ಬಂತು. ಏಳರ ಹೊತ್ತಿಗೆ ಊರಿಂದ ಅಕ್ಕನ ಮಗನ ಫೋನ್. "ಏನ್ ಮಾವ, ಇಷ್ಟಕ್ಕೇ ನಿಲ್ಲಿಸಿಬಿಟ್ರಾ? ಇನ್ನೊಂದು ನಾಲ್ಕು ದಿನ ಬಿಟ್ಟಿದ್ರೆ ಕಥೆನೇ ಮುಗಿದೋಗ್ತಿತ್ತು" ಅಂದ. ಗೆಲ್ಲುವ ಮ್ಯಾಚು ಮಳೆಗೆ ನಿಂತಾಗ ಆಗುತ್ತಲ್ಲ, ಅಂಥ ಬೇಸರ ಅವನ ದನಿಯಲ್ಲಿ. ಹಿಂದೆ ಟಿವಿ ಜೋರಾಗಿ ಕೂಗುತ್ತಿತ್ತು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಆಮೇಲೆ ಮಾತಾಡೋಣ ಕಣಪ್ಪ" ಅಂತ ಇಟ್ಟುಬಿಟ್ಟೆ.

ಆ ಮಾತು ಇನ್ನೂ ಚುಚ್ಚುತ್ತಿದೆ.

ನಾನು ಅರಸೀಕೆರೆ ಕಡೆಯವನು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ 28 ವರ್ಷ ದುಡಿದು, 2010ರಲ್ಲಿ ಸುಬೇದಾರ್ ಆಗಿ ನಿವೃತ್ತನಾದೆ. ಕೊನೆಯ ಪೋಸ್ಟಿಂಗ್ ಡೆಹ್ರಾಡೂನ್. ನನ್ನಾಕೆಗೆ ಇಲ್ಲೇ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ಮಗಳ ಓದೂ ನಡೆಯುತ್ತಿತ್ತು. ಹಾಗಾಗಿ ಪ್ರೇಮ್‌ನಗರದ ಕಡೆ ಸಣ್ಣದೊಂದು ಮನೆ ಮಾಡಿಕೊಂಡು ಉಳಿದುಬಿಟ್ಟೆವು. ಮಿಲಿಟರಿ ಅಕಾಡೆಮಿ ಹತ್ತಿರವೇ ಇದೆ. ಜೂನ್, ಡಿಸೆಂಬರ್ ಬಂತೆಂದರೆ ಪರೇಡಿನ ಬ್ಯಾಂಡು ಬೆಳಗ್ಗೆ ಕಿವಿಗೆ ಬೀಳುತ್ತದೆ.

ಈಗ ಪಕ್ಕದ ಮನೆಯ ವಿಷಯ. ಅವರು ಪೌಡಿ ಗಢವಾಲದವರು. ಮಗ ಸೇನೆಯಲ್ಲಿ, ಜಮ್ಮು-ಕಾಶ್ಮೀರ ಗಡಿಯ ಪೂಂಚ್ ಕಡೆ ಇದ್ದ. ಚಿಕ್ಕಪ್ಪನ ಮಗಳ ಮದುವೆಗೆ ಅಂತ ರಜೆಯಲ್ಲಿ ಬಂದಿದ್ದ. ಮೇ 6ರ ರಾತ್ರಿ ನಮ್ಮವರು ಪಾಕಿಸ್ತಾನದ ಕಡೆಯ ಒಂಬತ್ತು ಉಗ್ರರ ನೆಲೆಗಳಿಗೆ ಹೊಡೆದರು. ಮಾರನೇ ದಿನವೇ ಹುಡುಗನಿಗೆ ಕರೆ ಬಂತು, ರಜೆ ರದ್ದು. ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಳ್ಳಲೇ ಇಲ್ಲ, ಹೊರಟ. ಅಲ್ಲಿಂದ ಮೂರು ದಿನ ಫೋನ್ ಸ್ವಿಚ್ ಆಫ್. ಪೂಂಚ್ ಮೇಲೆ ಶೆಲ್ ಬೀಳುತ್ತಿದೆ ಅಂತ ಟಿವಿಯಲ್ಲಿ ಬರುತ್ತಿತ್ತು. ಅವನ ತಾಯಿ ಟಿವಿ ವೈರನ್ನೇ ಕಿತ್ತು ಇಟ್ಟರು. ನಮ್ಮ ಗಲ್ಲಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಾಲಿನವನು ಕೂಡ ಗೇಟಿನ ಹತ್ತಿರ ನಿಂತು, "ಫೋನ್ ಬಂತಾ?" ಅಂತ ಮೆಲ್ಲಗೆ ಕೇಳಿ ಹೋಗುತ್ತಿದ್ದ.

11ರ ಬೆಳಗ್ಗೆ ಫೋನ್ ಬಂತು. ಮಾರನೇ ದಿನ ಆ ತಾಯಿ ಅರ್ಸಾ ಮಾಡಿ ಮನೆಮನೆಗೆ ಹಂಚಿದರು. ಅಕ್ಕಿ ಹಿಟ್ಟು, ಬೆಲ್ಲದ ಪಾಕ. ಥೇಟ್ ನಮ್ಮ ಕಜ್ಜಾಯವೇ. ತಟ್ಟೆ ಕೈಗೆ ಕೊಟ್ಟು ಅವರು ಹೇಳಿದ್ದು ಒಂದೇ ಮಾತು: "ನಿಂತಿತಲ್ಲ ಸಾಬ್."

ಒಂದೇ ಸುದ್ದಿ. ಊರಿನಲ್ಲಿ ನಿಂತುಬಿಡ್ತಲ್ಲ ಅನ್ನುವ ಬೇಸರ, ಇಲ್ಲಿ ನಿಂತಿತಲ್ಲ ಅನ್ನುವ ನಿರಾಳ.

ಇದು ಒಂದು ದಿನದ ಮಾತಲ್ಲ. ಇಲ್ಲಿ ಹೊಸಬರು ಸಿಕ್ಕು, ನಾನು ಫೌಜಿ ಅಂತ ಗೊತ್ತಾದರೆ ಮೊದಲು ಕೇಳುವುದು "ಕೌನ್ಸಿ ಪಲ್ಟನ್?" (ಯಾವ ದಳ?) ಅಂತ. ಆಟೋದವನೂ ಕೇಳುತ್ತಾನೆ, ತರಕಾರಿ ಮಾರುವ ಮುದುಕಿಯೂ ಕೇಳುತ್ತಾಳೆ. ಸ್ಯಾಪರ್ ಅಂದರೆ ಏನು ಕೆಲಸ ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿಗೆ ಹೋದರೆ ಮೊದಲ ಪ್ರಶ್ನೆ "ಕ್ಯಾಂಟೀನ್‌ದು ಏನಾದ್ರೂ ತಂದ್ರಾ?" 28 ವರ್ಷ ಏನು ಮಾಡಿದೆ ಅಂತ ಕೂರಿಸಿಕೊಂಡು ಕೇಳಿದವರು ನಮ್ಮೂರಲ್ಲಿ ಯಾರೂ ಇಲ್ಲ. ಟೆಹ್ರಿ ಕಡೆಯ ಚಂಬಾ ಊರಿನಲ್ಲಿ ಏಪ್ರಿಲ್‌ನಲ್ಲಿ ಒಂದು ಮೇಳ ನಡೆಯುತ್ತದೆ. 1915ರಲ್ಲಿ ಫ್ರಾನ್ಸ್‌ನಲ್ಲಿ ಹೋರಾಡಿ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಗಬ್ಬರ್ ಸಿಂಗ್ ನೇಗಿ ಅನ್ನುವ ಸಿಪಾಯಿಯ ನೆನಪಿಗೆ. ನೂರು ವರ್ಷದ ಹಿಂದಿನ ಸಿಪಾಯಿಗೆ ಜಾತ್ರೆ! ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಸೇನೆಗೆ ನಾಲ್ಕು ವರ್ಷಕ್ಕಷ್ಟೇ ಹುಡುಗರನ್ನು ಸೇರಿಸಿಕೊಳ್ಳುವ ಅಗ್ನಿಪಥದ ಮಾತೂ ಹಾಗೇ. 2022ರ ಜೂನ್‌ನಲ್ಲಿ ಅದು ಬಂದಾಗಿನಿಂದ ಇಲ್ಲಿ ಬೆಳಗಿನ ವಾಕಿಂಗ್‌ನಲ್ಲಿ ಬೇರೆ ಚರ್ಚೆಯೇ ಇಲ್ಲ. ನಾಲ್ಕು ವರ್ಷ ಆದಮೇಲೆ ನೂರರಲ್ಲಿ 25 ಜನರನ್ನು ಇಟ್ಟುಕೊಳ್ಳುತ್ತಾರೆ, ಉಳಿದ 75 ಹುಡುಗರ ಗತಿ ಏನು ಅಂತ ಜಗಳವೇ ಆಗುತ್ತದೆ. ಊರಿನಲ್ಲಿ ಕೇಳಿದರೆ, "ಹನ್ನೊಂದು ಮುಕ್ಕಾಲು ಲಕ್ಷ ಕೈಗೆ ಬರುತ್ತಂತಲ್ಲ, ಒಳ್ಳೇದಲ್ವಾ?" ಅಂತಾರೆ. ದುಡ್ಡು ಒಳ್ಳೇದೇ. ಆದರೆ ಮಣ್ಣಿನೊಳಗಿನ ಮೈನ್ (ನೆಲಬಾಂಬು) ಮುಂದೆ ಕೈ ನಡುಗದೆ ಕೂರುವುದಕ್ಕೆ ನನಗೇ ಐದಾರು ವರ್ಷ ಬೇಕಾಯಿತು. ನಾಲ್ಕೇ ವರ್ಷಕ್ಕೆ ಹುಡುಗನನ್ನು ಮನೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಮೈನ್ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಲೇಬೇಕು. "ಇನ್ನೊಂದು ನಾಲ್ಕು ದಿನ" ಅನ್ನುವವರು ಇದನ್ನು ಕೇಳಬೇಕು.

2001ರ ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿ ಆಯಿತು. ಸೇನೆ ಪೂರ್ತಿ ಗಡಿಗೆ ಹೋಯಿತು. ಆಪರೇಷನ್ ಪರಾಕ್ರಮ್. ನಮ್ಮ ಕಂಪನಿಯನ್ನು ಪಂಜಾಬಿನ ಫಾಜಿಲ್ಕಾ ಕಡೆ ಕಳಿಸಿದರು. ರೈತರ ಗೋಧಿ ಗೇಣುದ್ದ ಬೆಳೆದಿತ್ತು. ಅದೇ ಹೊಲದಲ್ಲಿ ನಾವು ರಾತ್ರಿ ಹೊತ್ತು, ಮೊಣಕೈ ದೂರದ್ದು ಕಾಣದ ಮಂಜಿನಲ್ಲಿ, ಸಾಲುಸಾಲಾಗಿ ಮೈನ್ ಹೂತೆವು. ಹತ್ತು ತಿಂಗಳು ಹಾಗೇ ಕಾದೆವು. ಯುದ್ಧ ಆಗಲೇ ಇಲ್ಲ. ಆಮೇಲೆ ಹೂತದ್ದನ್ನು ತೆಗೆಯಬೇಕಲ್ಲ? ಮಳೆ ಬಂದು ಮಣ್ಣು ಸರಿದಿತ್ತು. ನಕ್ಷೆಯಲ್ಲಿ ಗುರುತು ಮಾಡಿದ ಜಾಗದಲ್ಲಿ ಮೈನ್ ಇರುತ್ತಿರಲಿಲ್ಲ. ಕೋಲಿನಿಂದ ಓರೆಯಾಗಿ ಚುಚ್ಚಿ ಚುಚ್ಚಿ ಹುಡುಕಬೇಕು. ಅಂಗೈ ಅಗಲದ ನೆಲ ನೋಡಿ, ಆಮೇಲೆ ಅಂಗೈ ಅಗಲ ಮುಂದೆ ಹೋಗಬೇಕು. ನನ್ನ ಜೊತೆಯ ತಂಬಿಯೊಬ್ಬ, ಮಧುರೈ ಕಡೆಯವನು, ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ ಪಾದ ಕಳೆದುಕೊಂಡ. ಅವನ ಬೂಟನ್ನು ನಾನೇ ಎತ್ತಿ ತಂದೆ. ಆಗದೇ ಇದ್ದ ಯುದ್ಧ ಅದು. ಆದ ಯುದ್ಧ ಹೇಗಿರುತ್ತದೆ ಅಂತ ಟಿವಿ ಮುಂದೆ ಕೂತವರಿಗೆ ಹೇಗೆ ತಿಳಿಸೋದು?

ಏಪ್ರಿಲ್‌ನಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದಾಗ ನನ್ನ ರಕ್ತವೂ ಕುದಿಯಿತು. ಉತ್ತರ ಕೊಡಬೇಕಿತ್ತು, ಕೊಟ್ಟರು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಿಂತಾಗ ನಿಟ್ಟುಸಿರು ಬಿಡುವುದೂ ದೇಶಭಕ್ತಿಯೇ.

ಇಷ್ಟನ್ನೂ ನನ್ನಾಕೆಗೆ ಹೇಳಿದೆ. ಅವಳು ಊರಿನ ಪರ ನಿಂತಳು. "ಹನುಮಂತಪ್ಪ ಕೊಪ್ಪದ ಅವರನ್ನು ಮರೆತ್ರಾ?" ಅಂದಳು. ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು. 11ಕ್ಕೆ ದೆಹಲಿಯಲ್ಲಿ ತೀರಿಕೊಂಡರು. ಕುಂದಗೋಳದ ಬೆಟದೂರಿಗೆ ಜನ ಸಾಗರದ ಹಾಗೆ ಬಂದರು. ಕರ್ನಾಟಕ ಪೂರ್ತಿ ಅತ್ತಿತ್ತು. ಸತ್ತ ಮೇಲೆ ಅಳುವುದು ಬೇರೆ, ಬದುಕಿರುವವನ ಬಗ್ಗೆ ಯೋಚಿಸುವುದು ಬೇರೆ ಅಂತ ನಾನು ವಾದ ಮಾಡಿದೆ. ಕೊಡಗಿನಲ್ಲಿ, ಬೆಳಗಾವಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಇಲ್ಲಿಯ ಹಾಗೇ ಮನೆಗೊಬ್ಬ ಸೈನಿಕ ಇದ್ದಾನೆ, ಅಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ನಮ್ಮ ಕಡೆಯವರೇ ಹೀಗೆ ಅಂದೆ.

ಆಗ ಅವಳು ಇನ್ನೊಂದು ಮಾತು ತೆಗೆದಳು. ಇಪ್ಪತ್ತಮೂರು ವರ್ಷ ನನಗೆ ಹೇಳದೇ ಇದ್ದ ಮಾತು.

ಪರಾಕ್ರಮ್ ಸಮಯದಲ್ಲಿ ಅವಳು ಮಗಳನ್ನು ಕಟ್ಟಿಕೊಂಡು ಊರಲ್ಲಿ ಅಕ್ಕನ ಮನೆಯಲ್ಲಿದ್ದಳು. ನನ್ನ ಪತ್ರದಲ್ಲಿ ವಿಳಾಸ ಬರೀ ಕೇರ್ ಆಫ್ 56 ಎ.ಪಿ.ಒ., ಅಂದರೆ ಸೇನೆಯ ಅಂಚೆ ಕಚೇರಿ. ಎಲ್ಲಿದ್ದೇನೆ ಅಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ. ನಮ್ಮಕ್ಕ ಅರಸೀಕೆರೆ ಹತ್ತಿರದ ಬೆಟ್ಟದ ಮೇಲಿನ ಮಾಲೇಕಲ್ ತಿರುಪತಿಗೆ ಹರಕೆ ಹೊತ್ತಿದ್ದಳಂತೆ. ನಾನು ಬರುವವರೆಗೆ ಪ್ರತಿ ಶನಿವಾರ ಒಪ್ಪೊತ್ತು ಇದ್ದು, ಆ ಸಾವಿರಕ್ಕೂ ಮೀರಿದ ಮೆಟ್ಟಿಲು ಹತ್ತಿದಳಂತೆ. ಒಂದು ವಾರವೂ ತಪ್ಪಿಸಲಿಲ್ಲವಂತೆ. ನಾನು ರಜೆಯಲ್ಲಿ ಬಂದಾಗ ಅವಳೂ ಕೇಳಿದ್ದು "ಕ್ಯಾಂಟೀನಿಂದ ಏನ್ ತಂದೆ?" ಅಂತಲೇ. ನಾನು ನಕ್ಕು ಸುಮ್ಮನಾಗಿದ್ದೆ. ನಾನೂ ಅವಳ ಹತ್ತು ತಿಂಗಳು ಹೇಗೆ ಕಳೆಯಿತು ಅಂತ ಕೇಳಿರಲಿಲ್ಲ.

ಅಕ್ಕ ಹೋಗಿ ಆರು ವರ್ಷ ಆಯಿತು.

ಅವಳ ಜೊತೆ ಬೆಟ್ಟ ಹತ್ತುತ್ತಿದ್ದವನು ಇದೇ ಹುಡುಗ, ಮೇ 10ಕ್ಕೆ ಫೋನ್ ಮಾಡಿದವನು. ಆಗ ಹನ್ನೊಂದು ವರ್ಷದವನು. ತೆಂಗಿನಕಾಯಿ ಚೀಲ ಅವನೇ ಹೊರುತ್ತಿದ್ದನಂತೆ. ಅವನ ಮಾತು ತಪ್ಪು, ಈಗಲೂ ತಪ್ಪು ಅಂತಲೇ ಅನ್ನುತ್ತೇನೆ. ಆದರೆ ಸಿಟ್ಟು ಅರ್ಧ ಇಳಿದಿದೆ. ಬರುವ ಶ್ರಾವಣದಲ್ಲಿ ಊರಿಗೆ ಹೋಗಬೇಕು. ಒಂದು ಶನಿವಾರ ಅವನನ್ನೇ ಕರೆದುಕೊಂಡು ಬೆಟ್ಟ ಹತ್ತಬೇಕು. ನನಗೆ ಮಂಡಿ ನೋವಿದೆ, ಕೂತು ಕೂತು ಹತ್ತಬೇಕಾಗುತ್ತದೆ. ಫಾಜಿಲ್ಕಾದ ಹೊಲದ ಕಥೆ ಹೇಳುವುದಕ್ಕೆ ಅಷ್ಟು ಹೊತ್ತು ಬೇಕು.