ಶುಗರ್ ಪಾಂಪ್ಲೆಟ್ ಹಂಚೋಕೆ ಮುಂಚೆ ಒಮ್ಮೆ ಓದಿ ನೋಡ್ರಿ

ಶುಗರ್ ಇದ್ದವರಿಗೆ ಕೊಡುವ ಪಾಂಪ್ಲೆಟ್ಟು, ಡಯಟ್ ಚಾರ್ಟು, ವಿಡಿಯೊ ಇವುಗಳ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಇವನ್ನು ಆರಿಸುವವರು ಕೇಳೋದು ಒಂದೇ ಪ್ರಶ್ನೆ. ಒಳಗಿನ ಮಾಹಿತಿ ಸರಿ ಇದೆಯಾ? ಸರಿ ಇದ್ದರೆ ಪ್ರಿಂಟ್ ಹಾಕಿಸಿ, ಹಂಚಿ, ರಿಜಿಸ್ಟರಿನಲ್ಲಿ ಸಹಿ ತಗೊಂಡರೆ ಮುಗೀತು. ಅದನ್ನು ಓದಿದವರು ಮನೆಗೆ ಹೋಗಿ ಒಂದಾದರೂ ಮಾಡಬಲ್ಲರಾ ಅಂತ ಯಾರೂ ಕೇಳಲ್ಲ. ನಾನು ವಿಜಯಪುರದಲ್ಲಿ ನರ್ಸಿಂಗ್ ಹುಡುಗಿಯರಿಗೆ, ಆಗಾಗ ಆಶಾ ಅಕ್ಕಂದಿರಿಗೆ ಪಾಠ ಮಾಡುವವಳು. ಹಾಗಾಗಿ ಈ ಕಾಗದಗಳು ರಾಶಿ ರಾಶಿ ನನ್ನ ಕೈಗೆ ಬರುತ್ತವೆ.

2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ ಶುಗರ್ ಸಮೀಕ್ಷೆ) ವರದಿ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಜನರನ್ನು ಡಾಕ್ಟರು ಒಬ್ಬೊಬ್ಬರನ್ನಾಗಿ ಕೂರಿಸಿ ತಿಳಿಸಿ ಹೇಳೋದು ಆಗದ ಮಾತು. ಹೇಳುವ ಕೆಲಸ ನರ್ಸ್ ಮೇಲೆ, ಆಶಾ ಮೇಲೆ, ಕೊನೆಗೆ ಆ ಕಾಗದದ ಮೇಲೆ ಬೀಳುತ್ತದೆ. ಅದಕ್ಕೇ ಕಾಗದದ ಬಗ್ಗೆ ಇಷ್ಟು ಜಗಳ ಮಾಡೋದು.

ಮೊದಲು ಊಟದ ಚಾರ್ಟು. ಓಟ್ಸ್, ಬ್ರೊಕೋಲಿ ಇರುವ ಚಾರ್ಟನ್ನು ನೋಡಿ ನಗಬಹುದು, ಅದು ನಮ್ಮದಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನನಗೆ ಜಾಸ್ತಿ ಸಿಟ್ಟು ಬರೋದು ನಮ್ಮದೇ ರಾಜ್ಯದಲ್ಲಿ, ನಮ್ಮದೇ ಕನ್ನಡದಲ್ಲಿ ಮಾಡಿದ ಚಾರ್ಟ್ ಮೇಲೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ರಾಗಿ ಮುದ್ದೆ. ಸಿಂದಗಿ, ಇಂಡಿ ಕಡೆ ಯಾರ ಮನೆಯಲ್ಲಿ ಮುದ್ದೆ ಮಾಡ್ತಾರೆ? ಇಲ್ಲಿ ಮುಂಜಾನೆ ಅವಲಕ್ಕಿ, ಉಪ್ಪಿಟ್ಟು, ಚುರುಮುರಿ ಸುಸಲಾ. ಹೊಲಕ್ಕೆ ಹೋಗುವವರಿಗೆ ಬುತ್ತಿಯಲ್ಲಿ ರೊಟ್ಟಿ. ಅವು ಯಾವುವೂ ಆ ಚಾರ್ಟಿನಲ್ಲಿ ಇಲ್ಲ. ಇನ್ನು ಚಹಾ. 'ಸಿಹಿ ತಿನ್ನಬೇಡಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ಆದರೆ ನಮ್ಮಲ್ಲಿ ಚಹಾವನ್ನು ಯಾರೂ ಸಿಹಿ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ, ಅಲ್ವಾ?

ರೊಟ್ಟಿ ವಿಷಯದಲ್ಲಿ ಇನ್ನೊಂದು ತೊಡಕು. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಭಾಳ ಗಟ್ಟಿ. ಕೆಲವು ಪಾಂಪ್ಲೆಟ್‌ಗಳೂ 'ಗೋಧಿ ಬಿಟ್ಟು ಜೋಳ ತಿನ್ನಿ' ಅಂತ ಬರೆದು ಕೈ ತೊಳೆದುಕೊಳ್ಳುತ್ತವೆ. ನೂರು ಗ್ರಾಂ ಜೋಳದಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಇಡೀ ಗೋಧಿಯಲ್ಲೂ ಹತ್ತಿರ ಹತ್ತಿರ ಅಷ್ಟೇ, ನಾರಿನಂಶದಲ್ಲೂ ದೊಡ್ಡ ಅಂತರ ಇಲ್ಲ. ಜೋಳ ಕೆಟ್ಟದ್ದು ಅಂತಲ್ಲ, ಎಷ್ಟು ಅನ್ನೋದನ್ನು ಹೇಳಬೇಕು. ಅದರಲ್ಲೂ ಕಟಕ ರೊಟ್ಟಿ ತೆಳ್ಳಗೆ ಇರೋದರಿಂದ ಲೆಕ್ಕ ತಪ್ಪುವುದು ಸುಲಭ. ಅರ್ಧ ತಾಟು ತರಕಾರಿ, ಕಾಲು ಭಾಗ ಕಾಳು ಬೇಳೆ, ಕಾಲು ಭಾಗ ರೊಟ್ಟಿ ಅಥವಾ ಅನ್ನ ಅನ್ನೋ ತಟ್ಟೆಯ ಲೆಕ್ಕ ಇದೆಯಲ್ಲ, ಅದು ನಮ್ಮ ಊಟಕ್ಕೆ ಚೆನ್ನಾಗಿ ಹೊಂದುತ್ತದೆ. ಹಸಿ ಮೆಂತೆ ತಪ್ಪಲು, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಮಡಕಿಕಾಳಿನ ಪಲ್ಯ, ಎಲ್ಲ ಇಲ್ಲೇ ಇವೆ. ಚಾರ್ಟು ಬರೆಯುವವರು ಒಂದು ಸಲ ನಮ್ಮ ತಾಟು ನೋಡಿದ್ದರೆ ಸಾಕಿತ್ತು. ಬೆಲ್ಲದ ಬಗ್ಗೆ ಜಾಸ್ತಿ ಹೇಳಲ್ಲ. ಮಹಾಲಿಂಗಪುರದ ಬೆಲ್ಲ ಎಷ್ಟೇ ಚಂದ ಇರಲಿ, ರಕ್ತಕ್ಕೆ ಅದೂ ಸಕ್ಕರೆಯೇ.

ಊಟದ ಚಾರ್ಟ್ ತಪ್ಪಾದರೆ ಶುಗರ್ ಸ್ವಲ್ಪ ಏರುತ್ತದೆ. ಇನ್ಸುಲಿನ್ ಪಾಂಪ್ಲೆಟ್ ತಪ್ಪಾದರೆ ಜೀವಕ್ಕೇ ಕುತ್ತು. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಯು-40, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್, ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜು. ಎಂಎಲ್‌ಗೆ 100 ಯೂನಿಟ್ ಇರುವ ಯು-100 ಇನ್ಸುಲಿನ್‌ಗೆ ಕಿತ್ತಳೆ ಕ್ಯಾಪಿನದು. ಯು-100 ಔಷಧಿಯನ್ನು ಕೆಂಪು ಕ್ಯಾಪಿನ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಡೋಸ್ ಹೋಗುತ್ತದೆ. ಉಲ್ಟಾ ಆದರೆ 40 ಯೂನಿಟ್ ಅಂತ ತಗೊಂಡಿದ್ದು ಬರೀ 16 ಆಗುತ್ತದೆ. ಹೊರದೇಶದ ವಿಡಿಯೊಗಳಲ್ಲಿ ಯು-100 ಮಾತ್ರ ಇರುತ್ತದೆ, ಅದಕ್ಕೆ ಕನ್ನಡ ದನಿ ಕೊಟ್ಟು ವಾಟ್ಸಾಪ್‌ನಲ್ಲಿ ಬಿಡ್ತಾರೆ. ಕ್ಯಾಪಿನ ಬಣ್ಣದ ಮಾತೇ ಇಲ್ಲ. ಇಂಥದ್ದನ್ನು ನಾನು ಕ್ಲಾಸಿನಲ್ಲಿ ತೋರಿಸೋದೇ ಇಲ್ಲ, ಎಷ್ಟೇ ಚೆನ್ನಾಗಿ ಶೂಟ್ ಮಾಡಿರಲಿ.

'ಫ್ರಿಜ್‌ನಲ್ಲಿಡಿ' ಅನ್ನೋ ಸಾಲೂ ಹಾಗೇ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಸರಿ. ಫ್ರಿಜ್ ಇಲ್ಲದ ಮನೆಯವರು ಏನು ಮಾಡಬೇಕು? ಕರೆಂಟ್ ಹೋದಾಗ? ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ದಾಟುತ್ತದೆ. ಐಸ್ ಮೇಲೆ ಇಟ್ಟು ಹೆಪ್ಪುಗಟ್ಟಿದರೆ ಆ ಇನ್ಸುಲಿನ್ ಎಸೆಯಬೇಕು. 2021ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು ಅನ್ನೋ ಸಂಸ್ಥೆ) ಜೊತೆ ಸೇರಿ ಒಂದು ಪರೀಕ್ಷೆ ಮಾಡಿದ್ದರು. 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ಕೆಡಲಿಲ್ಲ. ನಮ್ಮ ಬಿಸಿಲು ಅದಕ್ಕೂ ಮೇಲೆ, ಹಾಗಾಗಿ ಫ್ರಿಜ್ ಇಲ್ಲದವರಿಗೆ ಒದ್ದೆ ಮರಳು ತುಂಬಿದ ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆ ಇಟ್ಟು, ಅದರೊಳಗೆ ಬಾಟಲಿ ಇಡುವುದನ್ನು ಚಿತ್ರ ಸಮೇತ ತೋರಿಸಬೇಕು. ನಮ್ಮ ಒಣ ಹವೆಗೆ ಗಡಿಗೆ ಚೆನ್ನಾಗಿ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಅಷ್ಟಿಲ್ಲ, ಅದನ್ನೂ ಬರೆಯಬೇಕು.

ಶ್ರೀಶೈಲ ಪಾದಯಾತ್ರೆ ಗೊತ್ತಲ್ಲ? ಯುಗಾದಿ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಜನ ಕಂಬಿ ಹೊತ್ತು ನಡೆದು ಹೋಗುತ್ತಾರೆ, ಎಷ್ಟೋ ಮಂದಿ ಬರಿಗಾಲಲ್ಲಿ. ಶುಗರ್‌ನಿಂದ ಪಾದದ ನರ ಸತ್ತವರಿಗೆ ಕಾದ ಡಾಂಬರು ಸುಡೋದೂ ಗೊತ್ತಾಗಲ್ಲ, ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ಪಾದದ ಆರೈಕೆಯ ಪೋಸ್ಟರ್‌ಗಳಲ್ಲಿ 'ಬರಿಗಾಲಲ್ಲಿ ನಡೆಯಬೇಡಿ' ಅಂತ ಇರುತ್ತದೆ. ಮಲ್ಲಯ್ಯನಿಗೆ ಹರಕೆ ಹೊತ್ತವರು ಆ ಒಂದು ಸಾಲು ಓದಿ ನಿಲ್ತಾರಾ? ಹೋಗುವ ಮುಂಚೆ ಪಾದ ಪರೀಕ್ಷೆ ಮಾಡಿಸಿ, ರಾತ್ರಿ ಇಳಿದ ಕಡೆ ಜೊತೆಯವರಿಂದ ಅಂಗಾಲು ನೋಡಿಸಿಕೊಳ್ಳಿ, ದಿನವಿಡೀ ನಡೆಯುವಾಗ ಡೋಸ್ ಎಷ್ಟಿರಬೇಕು ಅಂತ ಡಾಕ್ಟರನ್ನು ಕೇಳಿಕೊಂಡು ಹೋಗಿ, ಹೀಗೆ ಬರೆದರೆ ಕೇಳುತ್ತಾರೆ. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕಿಸೆಯಲ್ಲಿ ಅಮೀನಗಡದ ಕರದಂಟು ಇದ್ದರೆ ಆಯ್ತು ಅಂದುಕೊಳ್ಳಬಾರದು. ಅದರಲ್ಲಿ ತುಪ್ಪ, ಗೋಡಂಬಿ, ಬಾದಾಮಿ ಇರೋದರಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ.

ರಂಜಾನ್ ಉಪವಾಸಕ್ಕೆ ಐಡಿಎಫ್-ಡಾರ್ (ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ರಂಜಾನ್-ಮಧುಮೇಹ ತಜ್ಞರ ಕೂಟ) ಅವರ ಒಳ್ಳೆಯ ಮಾರ್ಗದರ್ಶಿಯೇ ಇದೆ. ಆರೆಂಟು ವಾರ ಮೊದಲೇ ಡಾಕ್ಟರನ್ನು ಕಾಣಬೇಕು, ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯಲ್ಲ, 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಬಿಡಬೇಕು ಅಂತ ಸ್ಪಷ್ಟವಾಗಿ ಹೇಳುತ್ತದೆ. ಇಷ್ಟು ಮುಸ್ಲಿಂ ಮನೆಗಳಿರುವ ನಮ್ಮ ಊರಲ್ಲಿ ಅದರ ಸಾರ ಒಂದು ಹಾಳೆಯಲ್ಲೂ ನನಗೆ ಸಿಕ್ಕಿಲ್ಲ. ಏಕಾದಶಿ, ಶ್ರಾವಣ ಸೋಮವಾರಕ್ಕೂ ಅಷ್ಟೇ. ಉಪವಾಸ ಅಂತ ಸಾಬೂದಾಣಿ ಖಿಚಡಿ ತಿಂತಾರೆ, ಅದು ಬಹುಪಾಲು ಪಿಷ್ಟ.

ಹಾಗಾದರೆ ಅಳೆಯೋದು ಹೇಗೆ? ಪೆಮ್ಯಾಟ್ ಅಂತ ಒಂದು ಉಪಕರಣ ಇದೆ, ಅಮೆರಿಕದ ಸರಕಾರಿ ಸಂಸ್ಥೆ ಎಎಚ್‌ಆರ್‌ಕ್ಯೂ 2013ರಲ್ಲಿ ತಂದಿದ್ದು. ಅದು ಎರಡು ವಿಷಯಕ್ಕೆ ಬೇರೆ ಬೇರೆ ಅಂಕ ಕೊಡುತ್ತದೆ: ಅರ್ಥ ಆಗುತ್ತದಾ, ಮಾಡೋಕೆ ಆಗುತ್ತದಾ. ನಮ್ಮ ಬಹಳಷ್ಟು ಪಾಂಪ್ಲೆಟ್‌ಗಳು ಎರಡನೆಯದರಲ್ಲಿ ಫೇಲ್. ಸ್ಯಾಮ್ ಅನ್ನೋ ಇನ್ನೊಂದು ಉಪಕರಣ ಓದುವವರ ಸಂಸ್ಕೃತಿಗೆ ಹೊಂದುತ್ತದಾ ಅಂತಲೂ ನೋಡುತ್ತದೆ. ಆದರೆ ಕಂಪ್ಯೂಟರ್ ಕೊಡುವ 'ಓದಲು ಸುಲಭ' ಸ್ಕೋರ್ ನಂಬಬೇಡಿ. ಅದು ಇಂಗ್ಲಿಷ್‌ಗೆ ಮಾಡಿದ್ದು, ಕನ್ನಡಕ್ಕೆ ಸುಮ್ನೆ ದಂಡ.

ನನಗೆ ಎಲ್ಲಕ್ಕಿಂತ ನಂಬಿಕೆ ಇರೋದು ತಿರುಗಿ ಹೇಳಿಸುವುದರಲ್ಲಿ. ನನ್ನ ವಿದ್ಯಾರ್ಥಿನಿಯೊಬ್ಬಳು ಒಬ್ಬ ಅಜ್ಜನಿಗೆ ಕಾಗದ ತೋರಿಸಿ, "ಅಜ್ಜಾರ, ನಾ ಬರೋಬ್ಬರಿ ಹೇಳೀನೋ ಇಲ್ಲೋ ನೋಡೋಣು, ನಾಳೆ ಮುಂಜಾನೆ ಸೂಜಿ ಹೆಂಗ ಮಾಡ್ಕೋತೀರಿ ತೋರಸ್ರಿ" ಅಂದಳು. ಅಜ್ಜ, "ನಾ ಎಲ್ಲಿ ಮಾಡ್ಕೋತೀನಿ ತಂಗಿ, ಸೊಸಿ ಮಾಡ್ತಾಳ" ಅಂದರು. ಸೊಸೆ ಹೊರಗೆ ಚಪ್ಪಲಿ ಕಾಯುತ್ತಾ ಕೂತಿದ್ದಳು. ನನ್ನ ವಿದ್ಯಾರ್ಥಿನಿ ಅವಳನ್ನು ಕರೆದು ಮತ್ತೆ ಮೊದಲಿಂದ ತೋರಿಸಿದಳು. ಯಾವ ಅಂಕಪಟ್ಟಿಯೂ ಇದನ್ನು ಹಿಡಿಯುತ್ತಿರಲಿಲ್ಲ. ಅದಕ್ಕೇ ನಾನು ಹೇಳೋದು, ಸಾವಿರ ಪ್ರತಿ ಪ್ರಿಂಟ್ ಹಾಕಿಸೋ ಮುಂಚೆ ನಾಲ್ಕಾರು ಮಂದಿಯ ಕೈಯಲ್ಲಿ ಕೊಟ್ಟು, ಮಾಡಿ ತೋರಿಸಿ ಅನ್ನಿ. ಓದು ಬರದವರೂ ಅದರಲ್ಲಿರಲಿ.

ಔಷಧಿ ಕಂಪನಿಗಳು ಕೊಡುವ ಬಣ್ಣದ ಚಾರ್ಟ್ ಬಗ್ಗೆ ಒಂದೇ ಮಾತು. ಮೂಲೆಯಲ್ಲಿ ಗುಳಿಗೆಯ ಹೆಸರಿದ್ದರೆ ಅದು ಜಾಹೀರಾತು, ಪುಕ್ಕಟೆ ಸಿಕ್ಕಿತು ಅಂತ ಗೋಡೆಗೆ ಅಂಟಿಸಬೇಡಿ.

ರಂಜಾನ್ ಬಗ್ಗೆ ಸರಳ ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ, ಬೆಳಗಾವಿ ಕಡೆಯವರ ಹತ್ತಿರ ಮರಾಠಿಯಲ್ಲಿ, ಒಳ್ಳೆಯ ಹಾಳೆ ಇದ್ದರೆ ಫೋಟೋ ಹಾಕಿ. ಪಾದಯಾತ್ರೆಯದ್ದು ಯಾರಾದರೂ ಮಾಡಿದ್ದರೆ ಅದಂತೂ ಬೇಕೇ ಬೇಕು. ಇಡ್ಲಿ-ಮುದ್ದೆ ಚಾರ್ಟು ಮಾತ್ರ ಕಳಿಸಬೇಡಿ, ನನ್ನ ಕಪಾಟಿನಲ್ಲಿ ಜಾಗ ಇಲ್ಲ.