ಕರ್ನಲ್ ಹೆಡರ್‌ಗೆ ಕೈ ಹಾಕಿದವರ ಪಾಡು

ಹಳೆಯ ಸಿ ಪ್ರೋಗ್ರಾಮ್‌ಗಳನ್ನು ಹೊಸ ಲಿನಕ್ಸ್‌ನಲ್ಲಿ ಮತ್ತೆ ಕಂಪೈಲ್ ಆಗುವ ಹಾಗೆ ಮಾಡುವುದು ನನ್ನ ತಲೆಗೆ ಕಟ್ಟಿದ ಕೆಲಸ. ಬರೆದ ಪುಣ್ಯಾತ್ಮರು ಯಾವತ್ತೋ ಬೇರೆ ಕಡೆ ಹೋಗಿರುತ್ತಾರೆ. ಫೋನ್ ಮಾಡಿದರೆ “ಓ, ಅದು ಇನ್ನೂ ಓಡ್ತಾ ಇದೆಯಾ?” ಅಂತ ನಮ್ಮನ್ನೇ ಕೇಳುತ್ತಾರೆ. ಹಾಗಾಗಿ ಫೈಲ್ ತೆರೆದ ಕೂಡಲೇ ನಾನು ನೋಡುವುದು ಮೇಲಿನ ಇನ್‌ಕ್ಲೂಡ್ ಸಾಲುಗಳನ್ನು, ಅಂದರೆ ಯಾವ್ಯಾವ ಹೆಡರ್ (ಬೇಕಾದ ಹೆಸರುಗಳ ವಿವರ ಇರುವ ಫೈಲ್) ಎಳೆದುಕೊಂಡಿದ್ದಾರೆ ಅಂತ ಹೇಳುವ ಸಾಲುಗಳನ್ನು. ಎಸ್‌ಟಿಡಿಐಒ, ಸ್ಟ್ರಿಂಗ್ ಇಷ್ಟೇ ಇದ್ದರೆ ಭಯವಿಲ್ಲ. ಅವುಗಳ ಕೆಳಗೆ ಕರ್ನಲ್‌ನ, ಅಂದರೆ ಲಿನಕ್ಸ್‌ನ ಒಳತಿರುಳಿನ, ಹೆಡರ್ ಆದ ‘ಲಿನಕ್ಸ್/ಸ್ಕೆಡ್.ಎಚ್’ ಕಂಡರೆ ಮಾತ್ರ “ಇವತ್ತು ಬರೋದು ತಡ” ಅಂತ ಮನೆಗೆ ಮೊದಲೇ ಹೇಳಿಬಿಡುತ್ತೇನೆ.

ಜನ ಯಾಕೆ ಹೀಗೆ ಮಾಡುತ್ತಾರೆ? ಮ್ಯಾನ್ ಪೇಜ್ (ಬಳಕೆಯ ಕೈಪಿಡಿ) ಓದುವ ತಾಳ್ಮೆ ಇರುವುದಿಲ್ಲ. ಕರ್ನಲ್ ಸೋರ್ಸ್ ಮೇಲೆ ಗ್ರೆಪ್ ಹೊಡೆದು ಹುಡುಕುತ್ತಾರೆ. ಬೇಕಾದ ಹೆಸರು ಯಾವುದೋ ಹೆಡರ್‌ನಲ್ಲಿ ಸಿಗುತ್ತದೆ. ಸಿಕ್ಕಿದ್ದೇ ಭಾಗ್ಯ ಅಂತ ಅದನ್ನೇ ಎಳೆದುಕೊಳ್ಳುತ್ತಾರೆ. ‘ಆಳದಲ್ಲಿ ಸಿಕ್ಕಿದ್ದು, ಇದೇ ನಿಜವಾದದ್ದು’ ಅಂತ ಒಂದು ನಂಬಿಕೆ ಬೇರೆ. ಒಂದು ಕಾಲದಲ್ಲಿ ದಾರಿಯೂ ಸಲೀಸಾಗಿತ್ತು ಬಿಡಿ. ಇನ್‌ಕ್ಲೂಡ್ ಡೈರೆಕ್ಟರಿಯ ಲಿನಕ್ಸ್ ಫೋಲ್ಡರ್ ಎಷ್ಟೋ ಮಷಿನ್‌ಗಳಲ್ಲಿ ನೇರ ಕರ್ನಲ್ ಸೋರ್ಸ್‌ಗೆ ಹೋಗುವ ಸಿಮ್‌ಲಿಂಕ್ ಆಗಿತ್ತು. ಯಾರೋ ರಾತ್ರಿ ಕರ್ನಲ್ ಸೋರ್ಸ್ ಬದಲಾಯಿಸಿದರೆ ಬೆಳಿಗ್ಗೆ ಇನ್ಯಾರದೋ ಪ್ರೋಗ್ರಾಮ್ ಕಂಪೈಲ್ ಆಗುತ್ತಿರಲಿಲ್ಲ. ಹಾಗೆ ಲಿಂಕ್ ಮಾಡಬೇಡಿ, ಜಿಲಿಬ್‌ಸಿ (ಲಿನಕ್ಸ್‌ನಲ್ಲಿ ಮಾಮೂಲಿಯಾಗಿ ಬಳಸುವ ಸಿ ಲೈಬ್ರರಿ) ಯಾವ ಹೆಡರ್‌ಗಳ ಜೊತೆ ಕಂಪೈಲ್ ಆಗಿದೆಯೋ ಅವೇ ಅಲ್ಲಿರಬೇಕು ಅಂತ ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ 2000ದಲ್ಲೇ ಹೇಳಿದ್ದರು. ಆದರೆ ಕೆಲಸ ಮುಗಿಸುವ ಗಡಿಬಿಡಿಯಲ್ಲಿರುವವರು ಯಾರ ಮಾತನ್ನು ಕೇಳುತ್ತಾರೆ?

ಕರ್ನಲ್ ಹೆಡರ್‌ಗಳಲ್ಲಿ ಒಳಗಿನ ವಿಷಯವನ್ನು ‘__ಕರ್ನಲ್__’ ಎಂಬ ಮ್ಯಾಕ್ರೋ (ಕಂಪೈಲ್‌ಗೆ ಮುಂಚೆ ಬೇರೆ ಕೋಡ್ ಆಗಿ ಬದಲಾಗುವ ಹೆಸರು) ಹಿಂದೆ ಮುಚ್ಚಿಟ್ಟಿರುತ್ತಾರೆ. ಅದು ಡಿಫೈನ್ ಆಗಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ನಮ್ಮವರು ಕಂಪೈಲ್ ಹೇಗೆ ಮಾಡಬೇಕು ಅಂತ ಹೇಳುವ ಮೇಕ್‌ಫೈಲ್‌ನಲ್ಲಿ ಆ ಮ್ಯಾಕ್ರೋವನ್ನೇ ಡಿಫೈನ್ ಮಾಡಿಬಿಡುತ್ತಾರೆ. ಅಂದರೆ, ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಮ್ ಒಂದು ಕಂಪೈಲರ್ ಮುಂದೆ ನಿಂತು “ನಾನೇ ಕರ್ನಲ್” ಅನ್ನುತ್ತದೆ! ಕಂಪೈಲರ್ ಪಾಪ, ನಂಬುತ್ತದೆ.

ಆಮೇಲೆ ಶುರು. ಲಿಂಕ್ಡ್ ಲಿಸ್ಟ್ ಸುತ್ತುವಾಗ ಎಲ್ಲರೂ ಇಡುವ ವೇರಿಯಬಲ್ ಹೆಸರು ‘ಕರೆಂಟ್’, ಅಲ್ವಾ? ಕರ್ನಲ್ ಒಳಗೆ ಕರೆಂಟ್ ಅನ್ನುವುದು ಮ್ಯಾಕ್ರೋ. ಈಗ ಓಡುತ್ತಿರುವ ಪ್ರಾಸೆಸ್ ಯಾವುದು ಅಂತ ಹೇಳುವ ಫಂಕ್ಷನ್ ಕಾಲ್ ಆಗಿ ಅದು ಬದಲಾಗುತ್ತದೆ. ಹಾಗಾಗಿ ‘ಕರೆಂಟ್ ಈಕ್ವಲ್ಸ್ ಹೆಡ್’ ಅಂತ ಬರೆದ ಸಾಲಿಗೆ ‘ಎಡಗಡೆ ಎಲ್‌ವ್ಯಾಲ್ಯೂ (ಬೆಲೆ ತುಂಬಿಸಬಹುದಾದ ಜಾಗ) ಬೇಕು’ ಅಂತ ಎರರ್. ಬರೆದವರು ಆ ಸಾಲನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಸಾಲಿನಲ್ಲಿ ತಪ್ಪೇ ಇಲ್ಲ!

ಸಿ ಪ್ಲಸ್ ಪ್ಲಸ್‌ನವರ ಗೋಳು ಇನ್ನೂ ಒಂದು ಕೈ ಜಾಸ್ತಿ. ಕರ್ನಲ್‌ನ ಲಿಸ್ಟ್ ಹೆಡರ್‌ನಲ್ಲಿ ಪ್ಯಾರಾಮೀಟರ್ ಒಂದರ ಹೆಸರು ‘ನ್ಯೂ’. ಸಿ ಭಾಷೆಗೆ ಅದು ಮಾಮೂಲಿ ಹೆಸರು, ಸಿ ಪ್ಲಸ್ ಪ್ಲಸ್‌ಗೆ ಕೀವರ್ಡ್. ಇದಕ್ಕೆ ಒಬ್ಬರು ಕಂಡುಕೊಂಡಿದ್ದ ಉಪಾಯ ನೋಡಿ ನಾನು ಎದ್ದು ನಿಂತುಬಿಟ್ಟೆ. ಹೆಡರ್‌ಗೆ ಮುಂಚೆ ‘ನ್ಯೂ’ವನ್ನು ‘ನ್ನ್ಯೂ’ ಅಂತ ಡಿಫೈನ್ ಮಾಡಿ, ಹೆಡರ್ ಮುಗಿದ ಮೇಲೆ ಅನ್‌ಡೆಫ್ ಮಾಡಿದ್ದರು. ಪಕ್ಕದಲ್ಲಿ ಕಾಮೆಂಟ್: ‘ತಾತ್ಕಾಲಿಕ’.

ಇಂಥ ಎರರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಕೂಗಾಡಿದರೂ ಎಲ್ಲಿ ನೋವು ಅಂತ ಹೇಳುತ್ತವಲ್ಲ. ಸೀರಿಯಲ್ ಪೋರ್ಟ್ ಕಥೆಯನ್ನೇ ನೋಡಿ. ಒಂದು ಉಪಕರಣ 250000 ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಕೇಳುತ್ತಿತ್ತು. ಮಾಮೂಲಿ ಟರ್ಮಿಯೋಸ್ ಹೆಡರ್‌ನಲ್ಲಿ 9600, 115200 ಥರದ ಗೊತ್ತುಪಡಿಸಿದ ವೇಗಗಳಷ್ಟೇ ಇದ್ದವು. ಬೇಕಾದ ವೇಗ ಕೊಡಲು ಆಗ ‘ಟರ್ಮಿಯೋಸ್2’ ಬೇಕಿತ್ತು, ಅದಿರುವುದು ಕರ್ನಲ್ ಕಡೆಯ ‘ಟರ್ಮ್‌ಬಿಟ್ಸ್’ ಹೆಡರ್‌ನಲ್ಲಿ. ಎರಡನ್ನೂ ಸೇರಿಸಿದರೆ ‘ಸ್ಟ್ರಕ್ಟ್ ಟರ್ಮಿಯೋಸ್ ಎರಡು ಸಲ ಬಂದಿದೆ’ ಅಂತ ಜಗಳ. ಹೆಸರು ಒಂದೇ, ಅಳತೆ ಬೇರೆ. ಕಂಟ್ರೋಲ್ ಕ್ಯಾರೆಕ್ಟರ್‌ಗಳಿಗೆ ಜಿಲಿಬ್‌ಸಿ 32 ಜಾಗ ಇಟ್ಟಿದ್ದರೆ ಕರ್ನಲ್ ಇಟ್ಟಿರುವುದು 19. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸಬೇಕೆಂದರೆ ಹೇಗೆ? ಕೊನೆಗೆ ಕರ್ನಲ್ ಹೆಡರ್‌ಗೆಂದೇ ಬೇರೆ ಪುಟ್ಟ ಸಿ ಫೈಲ್ ಮಾಡಿ, ಅದರಲ್ಲಿ ಒಂದೇ ಫಂಕ್ಷನ್ ಇಟ್ಟೆ. ಎರಡು ಹೆಡರ್‌ಗಳೂ ಒಂದರ ಮುಖ ಒಂದು ನೋಡದ ಹಾಗೆ ಆಯಿತು. ಅಂದಿನಿಂದ ಶಾಂತಿ.

ನೆಟ್‌ವರ್ಕ್ ಹೆಡರ್‌ಗಳದ್ದು ಬೇರೆಯೇ ನಖರಾ. ‘ನೆಟ್/ಇಫ್.ಎಚ್’ ಮೊದಲು ಬಂದು ‘ಲಿನಕ್ಸ್/ಇಫ್.ಎಚ್’ ಆಮೇಲೆ ಬಂದರೆ ಈಗಿನ ಕರ್ನಲ್ ಹೆಡರ್ ಹೊಂದಿಕೊಂಡು ಹೋಗುತ್ತದೆ. ತಿರುಗಾಮುರುಗಾ ಆದರೆ ರಂಪ. ಒಂದು ಫೈಲ್‌ನಲ್ಲಿ ‘ಈ ಸಾಲನ್ನು ಕೆಳಗೆ ಸರಿಸಬೇಡಿ, ಯಾಕೆ ಅಂತಲೂ ಕೇಳಬೇಡಿ’ ಅಂತ ಕಾಮೆಂಟ್ ಇತ್ತು. ಮನುಷ್ಯರು ಯಾರೂ ಸರಿಸಲಿಲ್ಲ. ಕೋಡನ್ನು ಅಂದವಾಗಿ ಜೋಡಿಸುವ ಟೂಲ್ ಬಂತು ನೋಡಿ, ಅದಕ್ಕೆ ಕಾಮೆಂಟ್ ಓದಲು ಬರುವುದಿಲ್ಲ. ಇನ್‌ಕ್ಲೂಡ್‌ಗಳನ್ನು ಅಕ್ಷರದ ಕ್ರಮದಲ್ಲಿ ನಿಲ್ಲಿಸಿತು. ಎಲ್ ಮೊದಲು, ಎನ್ ಆಮೇಲೆ. ಫೈಲ್ ನೋಡಲು ಬಲು ಚೆಂದ, ಕಂಪೈಲ್ ಮಾತ್ರ ಆಗದು.

ನಾನು ಹೆದರುವುದು ತೆಪ್ಪಗೆ ಕಂಪೈಲ್ ಆಗುವ ಹೆಡರ್‌ಗಳಿಗೆ. ಹಳೆಯ 2.4 ಕರ್ನಲ್‌ನ ‘ಅಟಾಮಿಕ್’ ಹೆಡರ್ (ನಡುವೆ ಬೇರೆ ಯಾರೂ ಕೈ ಹಾಕದಂತೆ ಲೆಕ್ಕ ಮಾಡಿಸುವಂಥದ್ದು) ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಮಷಿನ್‌ನಲ್ಲಿ ಒಂದಕ್ಕಿಂತ ಹೆಚ್ಚು ಪ್ರಾಸೆಸರ್ ಇದೆಯಾ ಅನ್ನುವುದನ್ನು ಅದು ತಿಳಿಯುತ್ತಿದ್ದುದು ಕರ್ನಲ್‌ನ ಕಾನ್ಫಿಗ್ ಮ್ಯಾಕ್ರೋದಿಂದ. ಇದ್ದರೆ ಇಂಟೆಲ್ ಕೋಡ್‌ನಲ್ಲಿ ‘ಲಾಕ್’ ಸೇರಿಸುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ನಮ್ಮ ಪ್ರೋಗ್ರಾಮ್‌ಗೆ ಕರ್ನಲ್‌ನ ಕಾನ್ಫಿಗ್ ಎಲ್ಲಿಂದ ಬರಬೇಕು? ಹೆಡರ್ ‘ಓಹೋ, ಒಂದೇ ಪ್ರಾಸೆಸರ್’ ಅಂದುಕೊಂಡು ಲಾಕ್ ತೆಗೆದುಹಾಕಿತು. ಹೆಸರಿಗೆ ಅಟಾಮಿಕ್, ಲೆಕ್ಕದಲ್ಲಿ ಸೋರಿಕೆ. ಕೆಲಸ ಜಾಸ್ತಿಯಾದಾಗ ಮಾತ್ರ ಕೌಂಟರ್ ತಪ್ಪುತ್ತಿತ್ತು. ಹುಡುಕೋಣ ಅಂತ ಬೆಲೆಗಳನ್ನು ಪರದೆ ಮೇಲೆ ತೋರಿಸುವ ಪ್ರಿಂಟ್‌ಎಫ್ ಹಾಕಿದರೆ ಪ್ರೋಗ್ರಾಮ್ ನಿಧಾನವಾಗಿ ಲೆಕ್ಕ ಸರಿಹೋಗುತ್ತಿತ್ತು. “ಪ್ರಿಂಟ್‌ಎಫ್ ಹಾಗೇ ಇರಲಿ ಬಿಡಿ” ಅಂತ ಸಲಹೆಯೂ ಬಂತು. ಜಿಸಿಸಿ 4.1 ಜೊತೆ 2006ರಲ್ಲೇ ಕಂಪೈಲರ್‌ನ ಸ್ವಂತ ಅಟಾಮಿಕ್ ಫಂಕ್ಷನ್‌ಗಳು ಬಂದಿದ್ದವು. ಅವನ್ನು ಹಾಕಿ ಕರ್ನಲ್ ಹೆಡರ್ ಕಿತ್ತೆಸೆದೆ.

ಇನ್ನೊಂದು ‘ಎಚ್‌ಝಡ್’, ಅಂದರೆ ಕರ್ನಲ್‌ನ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಅನ್ನುವ ಸಂಖ್ಯೆ. 2.6 ಕರ್ನಲ್ ಬಂದಾಗ ಇಂಟೆಲ್ ಮಷಿನ್‌ಗಳಲ್ಲಿ ಒಳಗಿನ ಗಡಿಯಾರ ಸೆಕೆಂಡಿಗೆ 1000 ಸಲ ಬಡಿಯತೊಡಗಿತು. ಹೊರಗಿನವರಿಗೆ ಕೊಡುವ ಲೆಕ್ಕ ಮಾತ್ರ ಹಳೆಯ 100ರಲ್ಲೇ ಉಳಿಯಿತು. ಸಿಸ್‌ಕಾನ್ಫ್ ಅನ್ನುವ ಫಂಕ್ಷನ್ ಅನ್ನು ಕೇಳಿದರೆ ಸರಿಯಾದ ಉತ್ತರವೇ ಸಿಗುತ್ತದೆ. ನನ್ನ ಕೈಗೆ ಬಂದ ಪ್ರೋಗ್ರಾಮ್ ಒಂದು ಒಳಗಿನ ಹೆಡರ್‌ನಿಂದ 1000 ಎತ್ತಿಕೊಂಡು ಭಾಗಿಸುತ್ತಿತ್ತು. ಸಿಪಿಯು ಬಳಕೆ ಇದ್ದದ್ದರ ಹತ್ತನೇ ಒಂದು ಪಾಲು ಕಾಣುತ್ತಿತ್ತು, ರಿಪೋರ್ಟ್ ನೋಡಿ ಎಲ್ಲರೂ ಖುಷಿಯಾಗಿದ್ದರು. ನಾನು ಸರಿ ಮಾಡಿದ ಮರುದಿನ ಮೀಟಿಂಗ್ ಕರೆದರು. “ನೀವು ಮುಟ್ಟಿದ ಮೇಲೆ ಪ್ರೋಗ್ರಾಮ್ ಹತ್ತು ಪಟ್ಟು ಭಾರ ಆಗಿದೆಯಲ್ಲ ಸರ್?”

ಕರ್ನಲ್‌ನವರೂ ಸುಮ್ಮನೆ ಕೂತಿಲ್ಲ. 2006ರ 2.6.18ರಿಂದ ಹೊರಗಿನವರಿಗೆ ಬೇಕಾದಷ್ಟನ್ನೇ ಸೋಸಿ ಕೊಡುವ ‘ಹೆಡರ್ಸ್ ಇನ್‌ಸ್ಟಾಲ್’ ಬಂತು. 2012ರ 3.7ರಲ್ಲಿ ಅಂಥ ಹೆಡರ್‌ಗಳನ್ನು ‘ಯುಎಪಿಐ’ ಅಂತ ಬೇರೆ ಫೋಲ್ಡರ್‌ಗೇ ಸಾಗಿಸಿದರು. ಈಗ ಒಳಗಿನದು ಯಾವುದು, ಹೊರಗಿನದು ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಕಂಡೂ ಕೈ ಹಾಕುವವರಿಗೆ ಏನು ಹೇಳೋಣ?

ಮೊನ್ನೆ ಬಂದದ್ದು ಗೆಟ್‌ಟಿಐಡಿ. ಥ್ರೆಡ್‌ನ ನಂಬರ್ ಕೊಡುವ ಈ ಸಿಸ್ಟಮ್ ಕಾಲ್‌ಗೆ (ಪ್ರೋಗ್ರಾಮ್ ಕರ್ನಲ್‌ಗೆ ಕೊಡುವ ಕರೆಗೆ) ಜಿಲಿಬ್‌ಸಿಯಲ್ಲಿ ತುಂಬಾ ಕಾಲ ಫಂಕ್ಷನ್ನೇ ಇರಲಿಲ್ಲ. ಮೊದಲು ಕರ್ನಲ್ ಹೆಡರ್‌ನ ಮ್ಯಾಕ್ರೋದಿಂದ ಜನ ಅದನ್ನು ಹುಟ್ಟಿಸಿಕೊಳ್ಳುತ್ತಿದ್ದರು. ಆ ಮ್ಯಾಕ್ರೋ ಹೋದ ಮೇಲೆ ಅದೇ ಹೆಸರಿನ ಸ್ವಂತ ಸ್ಟ್ಯಾಟಿಕ್ ಫಂಕ್ಷನ್ ಬರೆದುಕೊಂಡರು. 2019ರಲ್ಲಿ ಜಿಲಿಬ್‌ಸಿ 2.30 ಕೊನೆಗೂ ಗೆಟ್‌ಟಿಐಡಿ ಕೊಟ್ಟಿತು. ಕೊಟ್ಟಿದ್ದೇ ತಡ, ಸ್ವಂತದ್ದು ಬರೆದುಕೊಂಡವರ ಪ್ರೋಗ್ರಾಮ್‌ಗಳು ಡಿಕ್ಲರೇಷನ್ ಎರರ್ ಕೊಡುತ್ತಾ ಒಂದೊಂದಾಗಿ ನಿಂತವು. ಇಷ್ಟು ದಿನ ಕೊಡಲಿಲ್ಲ ಅಂತ ಬೈದವರೇ ಯಾಕೆ ಕೊಟ್ಟಿರಿ ಅಂತ ಬೈದರು.

ನಾನು ನಮ್ಮ ಫಂಕ್ಷನ್ ಹೆಸರಿಗೆ ಮುಂದೆ ಒಂದು ‘ಮೈ’ ಸೇರಿಸಿ ರಿವ್ಯೂಗೆ ಕಳಿಸಿದೆ. ಹೊಸದಾಗಿ ಸೇರಿದ ಹುಡುಗಿ ಕೇಳಿದಳು: “ಸರ್, ಇದು ಜಿಲಿಬ್‌ಸಿಯಲ್ಲೇ ಇದೆಯಲ್ಲ, ನಾವ್ಯಾಕೆ ಬರೀಬೇಕು?” ಜಿಲಿಬ್‌ಸಿ 2.17 ಇರುವ ಮಷಿನ್ ಒಂದು ಇನ್ನೂ ಓಡುತ್ತಿದೆ, ಇದೇ ಕೋಡ್ ಅಲ್ಲೂ ಕಂಪೈಲ್ ಆಗಬೇಕು ಅಂದೆ. “ಅದನ್ನ ಅಪ್‌ಗ್ರೇಡ್ ಮಾಡಬಹುದಲ್ವಾ?” ಅಂದಳು. ಅದರ ಡ್ರೈವರ್ ಬರೆದವರ ಫೋನ್ ನಂಬರ್ ಕೊಟ್ಟಿದ್ದೇನೆ.